ಗೋರಂಟಿ ಹಚ್ಚಿದ್ದು

ನೀರು ಬೇಡದ ಗಿಡವನ್ನು ಸಾಕುವಷ್ಟು ದೊಡ್ಡ ಅವಮಾನ ಬೇರೊಂದಿಲ್ಲ. ಗುಲಾಬಿಯಾದರೆ ಒಂದು ದಿನ ಮರೆತರೂ ಮುಖ ಬಾಡಿಸಿ, ನಾವಿಲ್ಲದಿದ್ದರೆ ಇದರ ಗತಿಯೇನು ಎಂಬ ಹೆಮ್ಮೆಯನ್ನಾದರೂ ನಮಗೆ ಉಳಿಸುತ್ತದೆ. ಜೇವರ್ಗಿ ಕಾಲೋನಿಯ ನಮ್ಮ ಅಂಗಳದ ಗೋರಂಟಿಗೆ ಅಂಥ ಸೌಜನ್ಯವಿಲ್ಲ. ಮೇ ತಿಂಗಳ ಬಿಸಿಲಿಗೆ ನಾನು ಬಾಡುತ್ತೇನೆ, ಅದು ಬಾಡುವುದಿಲ್ಲ. ಮಳೆಗಾಲ ಮುಗಿಯುತ್ತಲೇ ಮುಳ್ಳುಗಳ ನಡುವೆ ಹಳದಿ ಹೂ ಬಿಟ್ಟು ನಿಲ್ಲುತ್ತದೆ. ಆದರೂ ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹಾಕುತ್ತಿದ್ದೆ. ನಮ್ಮ ಎರೆಮಣ್ಣು ನೀರು ಹಿಡಿದರೆ ಬಿಡುವ ಜಾತಿಯದಲ್ಲ. ಈ ವರ್ಷ ಗಿಡದ ಬುಡ ಕೊಳೆಯತೊಡಗಿತು. ಬರಗಾಲಕ್ಕೂ ಬಗ್ಗದ್ದನ್ನು ನಾನು ಪ್ರೀತಿಯಿಂದಲೇ ಮಲಗಿಸಿದ್ದೆ.

ಗಿಡ ನನ್ನ ಹೆಂಡತಿ ಸುಧಾಳದು. ಅಂದರೆ, ಎರಡು ವರ್ಷ ಹಾಗೆಂದು ನಂಬಿದ್ದೆ. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಕೊನೆಯ ವಾರ, ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ, "ಗೋರಂಟಿ ಹಚ್ರಿ" ಅಂದಳು. ಎಂದೂ ಏನನ್ನೂ ಕೇಳಿದವಳಲ್ಲ. ಮರುದಿನವೇ ಬಸ್ಸು ಹತ್ತಿ ಕಮಲಾಪುರದ ಅವಳ ತವರಿಗೆ ಹೋದೆ. ಅವಳ ಅಣ್ಣನ ಹೆಂಡತಿ, ವೈನಿ, ಹಿತ್ತಲಿನಿಂದ ಕಿತ್ತುಕೊಟ್ಟ ಸಸಿಯನ್ನು ತಂದು ಅಂಗಳದಲ್ಲಿ ನೆಟ್ಟು, ಫೋಟೊ ತೆಗೆದು ಆಸ್ಪತ್ರೆಗೆ ಓಡಿದೆ. ಸುಧಾ ಫೋನನ್ನು ಬಹಳ ಹೊತ್ತು ನೋಡಿದಳು. "ಛಂದ ಅದ," ಎಂದು ಎರಡೂ ಕೈಗಳನ್ನು ಚಾದರದೊಳಗೆ ಎಳೆದುಕೊಂಡಳು. ಚಳಿಯಿರಬೇಕೆಂದು ನಾನು ಫ್ಯಾನ್ ನಿಲ್ಲಿಸಿದೆ. ನಾಲ್ಕು ದಿನಕ್ಕೆ ಹೋಗಿಬಿಟ್ಟಳು.

ಬುಡ ಕೊಳೆತದ್ದಕ್ಕೆ ಇನ್ನೊಂದು ಟೊಂಗೆ ಬೇಡಲು ಹೋದ ತಿಂಗಳು ಮತ್ತೆ ಕಮಲಾಪುರಕ್ಕೆ ಹೋದೆ. ವೈನಿ ನಕ್ಕರು.

"ಏನ್ ಭಾವಜಿ, ಗೋರಂಟಿಗಿ ದಿನಾ ನೀರ್ ಹಾಕ್ತಾರೇನು? ನಿಮ್ಮನ್ನ ಮಾಸ್ತರ್ ಯಾರ್ ಮಾಡಿದ್ರು?"

"ಸುಧಾನ ಆಸೆ ಅಲ್ಲೇನ್ರೀ ವೈನಿ. ಗೋರಂಟಿ ಹಚ್ರಿ ಅಂದಿದ್ಲು, ಅದಕ್ಕ."

ಟೊಂಗೆ ಹಿಡಿದ ವೈನಿಯ ಕೈ ಅಲ್ಲೇ ನಿಂತಿತು. "ಹಚ್ರಿ ಅಂದ್ಲಾ? ಅಯ್ಯ ಭಾವಜಿ, ನಮ್ಮ ಅತ್ತಿಯವರು ಸೇಡಂ ಕಡಿಯವರು, ತೆಲುಗು ಗಡಿ. ಈ ಮನ್ಯಾಗ ಮೆಹಂದಿಗೂ ಗೋರಂಟಿನೇ ಅಂತೀವಿ. ಪಂಚಮಿ ಹತ್ರ ಬಂದಿತ್ತು. ಆಕಿ ಕೈಗಿ ಹಚ್ರಿ ಅಂದಿರಬೇಕು." ನನ್ನ ಮುಖ ನೋಡಿ ಕೂಡಲೇ, "ಇರ್ಲಿ ಬಿಡ್ರಿ, ಹೂವಿನ ಗಿಡಾನೇ ಅಂದಿರಬಹುದು. ಛಾ ಇಡ್ಲೇನು?" ಅಂದರು.

ನಮ್ಮ ಕಡೆ ಎಲ್ಲವನ್ನೂ ಹಚ್ಚುತ್ತಾರೆ. ದೀಪ ಹಚ್ಚುತ್ತಾರೆ, ಸಸಿ ಹಚ್ಚುತ್ತಾರೆ, ಕೈಗೆ ಮೆಹಂದಿ ಹಚ್ಚುತ್ತಾರೆ, ಬೇಸರವಾದರೆ ಜಗಳವನ್ನೂ ಹಚ್ಚುತ್ತಾರೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಇದು ಗೊತ್ತಿರಲಿಲ್ಲವೇ? ನೆನಪನ್ನು ನಾನು ನಂಬುವವನಲ್ಲ, ಡೈರಿ ಬರೆಯುವುದೇ ಅದಕ್ಕಾಗಿ. ಮನೆಗೆ ಬಂದು ಆ ದಿನದ ಪುಟ ತೆಗೆದೆ. "ಸುಧಾ ಗೋರಂಟಿ ನೆಡುವಂತೆ ತಿಳಿಸಿದಳು" ಎಂದಿತ್ತು. ಅವಳ ಮಾತನ್ನು ಶುದ್ಧ ಮಾಡಿಬಿಟ್ಟಿದ್ದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ 'ಸಸಿ ಹಚ್ಚಿದರು' ಎಂದು ಕಂಡರೆ ಕೆಂಪು ಶಾಯಿಯಲ್ಲಿ 'ನೆಟ್ಟರು' ಎಂದು ತಿದ್ದುತ್ತಿದ್ದ ಕೈ, ಸಾಯುತ್ತಿದ್ದ ಹೆಂಡತಿಯನ್ನೂ ಬಿಡಲಿಲ್ಲ.

"ಕೈಗೆ" ಎಂದೂ ಅಂದಿದ್ದಳೇ? ಈಗ ಕೆಲವೊಮ್ಮೆ ಸ್ಪಷ್ಟವಾಗಿ ಕೇಳಿಸುತ್ತದೆ. ವೈನಿ ಹೇಳಿದ ಮೇಲೆ ಕೇಳಿಸತೊಡಗಿದ್ದರಿಂದ ಅದನ್ನು ಸಾಕ್ಷಿಯಾಗಿ ಹಿಡಿಯಲಾರೆ. ಚಾದರದೊಳಗೆ ಸರಿದ ಕೈಗಳೂ ಡೈರಿಯಲ್ಲಿಲ್ಲ. ಫ್ಯಾನ್ ನಿಲ್ಲಿಸಿದ್ದು ಮಾತ್ರ ಇದೆ.

ಅಂದಿನಿಂದ ನಿಯಮವೊಂದನ್ನು ಮಾಡಿಕೊಂಡಿದ್ದೇನೆ: ಮನೆಯಲ್ಲಿ ಯಾರು ಏನೇ ಹೇಳಲಿ, ಆಡಿದ ಹಾಗೆಯೇ, ಒಂದಕ್ಷರ ತಿದ್ದದೆ ಬರೆಯುವುದು. ಬಹಳ ಶಿಸ್ತಿನಿಂದ ಪಾಲಿಸುತ್ತಿದ್ದೇನೆ. ನಿನ್ನೆಯ ಪುಟದಲ್ಲಿ ಇರುವುದು ಇಷ್ಟು: "ಸಾಹೇಬ್ರ, ಗ್ಯಾಸ್ ಬಂದದ್ರೀ."