ಮೂರನೆಯ ಸುಂದರಿಗೆ ಆಧಾರ

ಇಷ್ಟೆಲ್ಲ ಆದದ್ದು ಒಂದು ಗುಂಡಿಯಿಂದ. ಗ್ರಂಥಾಲಯದ ಗುಮಾಸ್ತ ಅಂಗಿಯ ಗುಂಡಿ ಹಾಕಿಸಲು ಕೆಳಮನೆಯ ಹೊಲಿಗೆಯಮ್ಮನ ಬಳಿ ಹೋಗಿದ್ದ. ನಲವತ್ತು ವರ್ಷದ ಹಿಂದಿನ ರಾಷ್ಟ್ರೀಯ ಸುಂದರಿ ಸ್ಪರ್ಧೆಯ ಮಾತು ಹೇಗೋ ಬಂತು. "ಆ ವರ್ಷ ವೇದಿಕೆ ಮೇಲೆ ನಾನೂ ಮೂರನೆಯವಳಾಗಿ ನಿಂತಿದ್ದೆ ಕಣಪ್ಪ" ಎಂದು ಆಕೆ ದಾರ ಕಡಿದಳು. ಮಾತೂ ಅಲ್ಲಿಗೇ ಕಡಿದುಹೋಯಿತು.

ಬಿಡುವಿನಲ್ಲಿ ಅಂತರ್ಜಾಲದ ವಿಶ್ವಕೋಶ ತಿದ್ದುವುದು ಗುಮಾಸ್ತನ ಹವ್ಯಾಸ. ಆ ಸ್ಪರ್ಧೆಯ ಪುಟದಲ್ಲಿ ಮೊದಲನೆಯವಳಿದ್ದಳು, ಎರಡನೆಯವಳಿದ್ದಳು, ಮೂರನೆಯ ಸಾಲು ಖಾಲಿ. ಹಲ್ಲಿನ ಸಂದಿಯ ನಾರಿನಂತೆ ಅದು ಅವನನ್ನು ಬಹಳ ದಿನದಿಂದ ಕಾಡಿತ್ತು. ಮನೆಗೆ ಬಂದವನೇ ಹೊಲಿಗೆಯಮ್ಮನ ಹೆಸರು ತುಂಬಿ, ಹಾಯಾಗಿ ಉಸಿರುಬಿಟ್ಟ.

ಮೇಲ್ಮನೆಯ ನಿವೃತ್ತ ಪೋಸ್ಟ್ ಮಾಸ್ತರಿಗೆ ಈ ಸುದ್ದಿ ಸಿಕ್ಕಿತು. ಟಪಾಲು ಹಂಚುವ ಚಟ ಅವರಿಗಿನ್ನೂ ಬಿಟ್ಟಿರಲಿಲ್ಲ, ಮನೆಮನೆಗೂ ತಲುಪಿಸಿದರು. ಬೀದಿಯ ಮಹಿಳಾ ಸಂಘ ಸನ್ಮಾನ ಗೊತ್ತುಮಾಡಿತು.

ಸನ್ಮಾನದ ದಿನ ಬೆಳಗ್ಗೆ ವಿಶ್ವಕೋಶದ ಪರಿಶೀಲಕನಿಂದ ಗುಮಾಸ್ತನಿಗೆ ಓಲೆ ಬಂತು. ಮೂರನೆಯ ಸ್ಥಾನಕ್ಕೆ ಆಧಾರವೇನು? ಸಂಜೆ ಐದರೊಳಗೆ ತೋರಿಸದಿದ್ದರೆ ಹೆಸರು ಅಳಿಸಲಾಗುವುದು.

ಸನ್ಮಾನ ಆರಕ್ಕೆ. ಐದಕ್ಕೆ ಹೆಸರು ಹೋದರೆ ಆರಕ್ಕೆ ಮರ್ಯಾದೆ ಹೋದಂತೆ, ಅದೂ ಆ ಬಡಪಾಯಿ ಹೆಂಗಸಿನದು.

ಗುಮಾಸ್ತ ಕೆಳಮನೆಗೆ ಓಡಿದ. ಹೊಲಿಗೆಯಮ್ಮ ಸಂಜೆ ಸಭೆಗೆ ಉಡುವ ತಿಳಿನೀಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. "ಇಷ್ಟು ವರ್ಷದ ಮೇಲೆ ನನ್ನ ಕೆಲಸಾನ ಯಾರೋ ನೆನೆಸಿಕೊಂಡರಲ್ಲಪ್ಪ" ಎಂದು ಕಣ್ಣೊರೆಸಿಕೊಂಡಳು. ಇಂಥವಳನ್ನು ಇಂದು ಪುರಾವೆ ಕೇಳುವುದು ಹೇಗೆ? ಪ್ರಶ್ನೆ ನುಂಗಿಕೊಂಡು, ಇಸ್ತ್ರಿ ಚೆನ್ನಾಗಿ ಬಂದಿದೆ ಎಂದು ಹೇಳಿ ಹೊರಟ.

ಗ್ರಂಥಾಲಯದಲ್ಲಿ ಆ ವರ್ಷದ ಪತ್ರಿಕೆಗಳ ಕಟ್ಟು ಇಳಿಸಿ, ಧೂಳಿಗೆ ಹನ್ನೊಂದು ಸಲ ಸೀನಿ, ಬೇಕಾದ ಪುಟ ತೆರೆದ. ನಡುವೆ ಕಿಟಕಿಯಷ್ಟು ತೂತು. ಯಾರೋ ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು. ತೂತಿನಾಚೆ ಮುಂದಿನ ಹಾಳೆಯ ಸೋಪಿನ ಜಾಹೀರಾತು ನಗುತ್ತಿತ್ತು.

ಅಲ್ಲೇನಾದರೂ ಆಧಾರ ಸಿಕ್ಕೀತೆಂದು ನಾಲ್ಕೂವರೆಗೆ ಬೀದಿ ಕೊನೆಯ ವಾರಪತ್ರಿಕೆ ಕಚೇರಿಗೆ ಏದುಸಿರು ಬಿಡುತ್ತ ಹೋದ. ಸಂಪಾದಕ ಆ ವಾರದ ಹೊಸ ಸಂಚಿಕೆ ಮುಂದೆ ತಳ್ಳಿದ. ಮೊದಲ ಪುಟದಲ್ಲೇ ಅಚ್ಚಾಗಿತ್ತು: 'ನಮ್ಮ ಬೀದಿಯ ಮೂರನೆಯ ಸುಂದರಿ.'

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. "ನಿಮಗಿದು ಎಲ್ಲಿ ಸಿಕ್ತು ಸಾರ್?"

"ನಿಮ್ಮ ವಿಶ್ವಕೋಶದಲ್ಲೇ ಸ್ವಾಮಿ. ಇನ್ನೆಲ್ಲಿ?"

ಬಂದ ಜೀವ ಮತ್ತೆ ಹೋಯಿತು. ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವಿನ ಹಾಗಾಯಿತು ಅವನ ಪಾಡು. ಐದಕ್ಕೆ ಐದು ನಿಮಿಷವಿತ್ತು. ತಿಳಿನೀಲಿ ಬಟ್ಟೆ ಕಣ್ಣ ಮುಂದೆ ಬಂತು. ಮೊಬೈಲು ತೆಗೆದು ಆ ವಾರಪತ್ರಿಕೆಯನ್ನೇ ಆಧಾರವೆಂದು ಸೇರಿಸಿಬಿಟ್ಟ. ಪರಿಶೀಲಕ ಒಪ್ಪಿಕೊಂಡ.

ಸಭೆಯಲ್ಲಿ ಹೊಲಿಗೆಯಮ್ಮ ಮೊದಲು ಗಮನಿಸಿದ್ದು ಅವನ ಅಂಗಿಯನ್ನು. ಓಡಾಟದಲ್ಲಿ ಮತ್ತೊಂದು ಗುಂಡಿ ಕಿತ್ತುಹೋಗಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಹೊಲಿಯುತ್ತ, ಚೀಲದಿಂದ ಹಳದಿಗಟ್ಟಿದ ಪತ್ರಿಕೆಯ ಚಿತ್ರವೊಂದನ್ನು ತೆಗೆದಳು. "ನಿಮ್ಮ ಗ್ರಂಥಾಲಯದ್ದೇ. ಆಗ ಬುದ್ಧಿ ಇರಲಿಲ್ಲ, ಕತ್ತರಿಸಿಕೊಂಡುಬಿಟ್ಟೆ."

ಕಿರೀಟದವಳು ಒಬ್ಬಳು, ಪಕ್ಕದಲ್ಲಿ ಇನ್ನೊಬ್ಬಳು. ಮೂರನೆಯವಳಾಗಿ ಹೊಲಿಗೆಯಮ್ಮ, ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಪಿನ್ನು.

"ಇದೇನಮ್ಮಾ ಟೇಪು?"

"ಉಡುಪು ಹೊಲಿದವಳು ನಾನೇ ಅಲ್ವೇನಪ್ಪ. ಮೂರನೇ ಹುಡುಗಿ ಲಂಗ ಹಿಮ್ಮಡಿಗೆ ಸಿಕ್ಕಿ ಹರೀತು ಅಂತ ಓಡಿದೆ, ಅಷ್ಟರಲ್ಲಿ ಫೋಟೋ ಹೊಡೆದರು. ಅವಳು ನನ್ನ ಹಿಂದೆ ಬಗ್ಗಿದ್ದಾಳೆ. ನೋಡು, ಮೊಣಕೈ ಕಾಣ್ತಿದೆ."

"ಅವಳ ಹೆಸರು?" ಗುಮಾಸ್ತನ ದನಿ ಗುಂಡಿಯ ತೂತಿನಷ್ಟೇ ಆಗಿತ್ತು.

"ಹೆಸರು ನೆನಪಿಲ್ಲ. ಸೊಂಟ ಇಪ್ಪತ್ತನಾಲ್ಕೂವರೆ. ಚಿತ್ರದ ಕೆಳಗೆ ಅಕ್ಷರದಲ್ಲಿತ್ತು, ಅದರಲ್ಲಿ ನನ್ನ ಹೆಸರಿಲ್ಲ ಅಂತ ಆ ಸಾಲು ಕತ್ತರಿಸಿ ಬಿಸಾಕಿದೆ."

ಸನ್ಮಾನ ಹೊಲಿಗೆಗಲ್ಲ, ಸೌಂದರ್ಯಕ್ಕೆಂದು ಹೊಲಿಗೆಯಮ್ಮನಿಗೆ ತಿಳಿದದ್ದು ವೇದಿಕೆ ಹತ್ತಿದ ಮೇಲೆ. ನಿಜವನ್ನೆಲ್ಲ ನೆಟ್ಟಗೆ ಹೇಳಿದಳು. ಸಂಘದ ಅಧ್ಯಕ್ಷೆ ಗದ್ಗದಿತರಾಗಿ ಆಕೆಯನ್ನು ತಬ್ಬಿಕೊಂಡು, ಇಷ್ಟೊಂದು ವಿನಯ ತಾವೆಲ್ಲೂ ಕಂಡಿಲ್ಲ ಎಂದರು. ಪೋಸ್ಟ್ ಮಾಸ್ತರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗುಮಾಸ್ತ ಅಲ್ಲೇ ಮೊಬೈಲು ತೆಗೆದು ಹೆಸರು ಅಳಿಸಿದ. ಸ್ವತಃ ಆಕೆಯೇ ಹೇಳಿದ್ದಾಳೆ ಎಂದು ಕಾರಣ ಬರೆದ. ಎರಡೇ ನಿಮಿಷದಲ್ಲಿ ಹೆಸರು ವಾಪಸು ಬಂತು, ಜತೆಗೆ ಓಲೆ: 'ಒಬ್ಬರು ತಮ್ಮ ಬಗ್ಗೆ ತಾವೇ ಹೇಳಿದ್ದು ಆಧಾರವಾಗದು. ಇದಕ್ಕೆ ಅಚ್ಚಾದ ಆಧಾರವಿದೆ, ತಾವೇ ಒದಗಿಸಿದ್ದೀರಿ. ಆಧಾರವಿದ್ದ ಮಾಹಿತಿ ಅಳಿಸಿದ್ದಕ್ಕೆ ತಮ್ಮ ತಿದ್ದುವ ಹಕ್ಕನ್ನು ಮೂರು ತಿಂಗಳು ತಡೆಹಿಡಿಯಲಾಗಿದೆ.'

ಹೂಗುಚ್ಛ ಹಿಡಿದು ಇಳಿದುಬಂದ ಹೊಲಿಗೆಯಮ್ಮನಿಗೆ ಅದನ್ನು ಓದಿ ಹೇಳಿದ. ಆಕೆ ಅವನ ಹೊಸ ಗುಂಡಿಯನ್ನು ಎಳೆದು ನೋಡಿದಳು.

"ತಪ್ಪು ಹೊಲಿದರೆ ನಾವು ಬಿಚ್ಚಿ ಹೊಲೀತೀವಿ" ಎಂದಳು. "ನಿಮ್ಮಲ್ಲಿ ಬಿಚ್ಚೋಕೂ ರಸೀತಿ ಬೇಕೇನಪ್ಪ?"

ಅಷ್ಟರಲ್ಲಿ ಪೋಸ್ಟ್ ಮಾಸ್ತರು ಬಂದು ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟರು. ತಾವೂ ಶಾಲೆಯ ದಿನಗಳಲ್ಲಿ ಓಟದ ಪಂದ್ಯದ ಸಾಲಿನಲ್ಲಿ ಮೊದಲನೆಯವರಾಗಿ ನಿಂತಿದ್ದುಂಟು, ಅದನ್ನೂ ಸ್ವಲ್ಪ ಸೇರಿಸಬೇಕು ಎಂದರು.