ಅನ್ನ ಮುಟ್ಟದ ಅಗ್ನಿ: ಸಾಗರದ ಒಲೆ ಅಂಗಡಿಯವರಿಗೆ

ನಿಟ್ಟೂರು, ಹೊಸನಗರ ತಾಲ್ಲೂಕು
ಜುಲೈ ೧೯೬೭

ಸಾಗರದ ‘ನವಜ್ವಾಲಾ ಒಲೆ ಮಳಿಗೆ’ಯ ಮಾಲೀಕರೂ, ಹಳೆಯ ಕಬ್ಬಿಣಕ್ಕೆ ಪುನರ್ಜನ್ಮ ಕರುಣಿಸುವ ಮಹನೀಯರೂ ಆದ ಶ್ರೀ ಮಂಜಯ್ಯನವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಕುಟುಂಬವರ್ಗದವರೂ, ತಮ್ಮ ಮಳಿಗೆಯ ಬಣ್ಣದ ಡಬ್ಬಿಗಳೂ ಕ್ಷೇಮವಾಗಿರುವಿರೆಂದು ನಂಬಿ, ನಿಟ್ಟೂರಿನ ಸುಬ್ಬಪ್ಪನೆಂಬ ಈ ಬಡ ಗಿರಾಕಿಯು ಮಾಡುವ ಸಾವಿರ ನಮಸ್ಕಾರಗಳು. ಈ ಪತ್ರದ ಪ್ರತಿಗಳನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಬಸ್ ನಿಲ್ದಾಣಗಳ ಗೋಡೆಗೂ ಅಂಟಿಸುತ್ತಿದ್ದೇನೆ. ತಮ್ಮ ಕೀರ್ತಿ ಮೂರು ತಾಲ್ಲೂಕಿಗೂ ಹಬ್ಬಲಿ ಎಂಬುದೊಂದೇ ನನ್ನ ಆಸೆ, ಬೇರೇನೂ ದುರುದ್ದೇಶವಿಲ್ಲ.

ಕಾರ್ಗಲ್ಲಿನ ಬಂಗಲೆಯೊಂದರಲ್ಲಿ ಯಾರೋ ಪರದೇಶದ ಎಂಜಿನಿಯರ್ ಸಾಹೇಬರು ಕೋಳಿ ಸುಡುವುದಕ್ಕೆ ಇಟ್ಟುಕೊಂಡಿದ್ದು, ಊರಿಗೆ ಹೊರಡುವಾಗ ಬಿಟ್ಟುಹೋದ ಜಾಲರಿಯ ಗ್ಯಾಸ್ ಒಲೆಯನ್ನು ತಾವು ತಂದು, ತಿಕ್ಕಿ, ಹಸಿರು ಬಣ್ಣ ಬಳಿದು, ‘ಹೊಸದಕ್ಕಿಂತ ಹೊಸದು’ ಎಂದು ನಮ್ಮ ಮನೆಗೆ ಕಳಿಸಿಕೊಟ್ಟ ದಿನವನ್ನು ನಾವು ಮರೆಯುವ ಹಾಗಿಲ್ಲ. ಬಣ್ಣವಂತೂ ಅಮೋಘ. ಬೆಂಕಿಯ ಮೇಲೆ ಇಡುವ ವಸ್ತುವಿನ ಬಣ್ಣ ಇಷ್ಟು ಕಾಲವಾದರೂ ಒಂದು ಚೂರು ಕಂದದೆ, ಸುಲಿಯದೆ ಉಳಿದಿದೆಯೆಂದರೆ ಅದಕ್ಕೆ ತಮ್ಮ ಬಣ್ಣದ ಗುಣ ಎಷ್ಟು ಕಾರಣವೋ ತಮ್ಮ ಬೆಂಕಿಯ ಗುಣವೂ ಅಷ್ಟೇ ಕಾರಣ.

ಈ ಒಲೆಯನ್ನು ನಾವು ಶೋಕಿಗೆ ತಂದದ್ದಲ್ಲ ಎಂಬುದನ್ನು ತಮಗೆ ಮೊದಲೇ ಅರಿಕೆ ಮಾಡಿದ್ದೆ. ನನ್ನ ಹೆಂಡತಿ ಯಮುನಮ್ಮನಿಗೆ ಉಬ್ಬಸ. ತೀರ್ಥಹಳ್ಳಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಅವಳನ್ನು ಬಿಟ್ಟು ನನ್ನನ್ನು ಗದರಿಸಿದರು: “ಇವ್ರು ಇನ್ನು ಹೊಗೆ ಕುಡೀಬಾರ್ದು, ತಿಳೀತಾ? ಒಂದು ಮಳೆಗಾಲ ಹೀಗೇ ಹೋದ್ರೆ ಆಮೇಲೆ ನನ್ನತ್ರ ಕರ್ಕೊಂಡು ಬರೋದೇ ಬೇಡ.” ಅದಕ್ಕಾಗಿ ದನದ ಹಟ್ಟಿಯ ಪಕ್ಕ ಗುಂಡಿ ತೋಡಿಸಿ, ಸೆಗಣಿ ಗ್ಯಾಸಿನ ಡ್ರಮ್ಮು ಕೂರಿಸಿ, ಅಡುಗೆಮನೆಯವರೆಗೆ ಪೈಪು ಎಳೆಸಿದೆ. ಗ್ಯಾಸಿನ ಕಡೆಯಿಂದ ಯಾವ ಕೊರತೆಯೂ ಇಲ್ಲ. ನಮ್ಮ ದನಗಳು ಕರ್ತವ್ಯವನ್ನು ತಮ್ಮ ಮಳಿಗೆಯವರಿಗಿಂತ ಶ್ರದ್ಧೆಯಿಂದ ಮಾಡುತ್ತಿವೆ.

ಮೊದಲ ದಿನ ಕಡ್ಡಿ ಗೀರಿದಾಗ ಬರ್ನರಿನ ಸುತ್ತ ಒಂದು ನೀಲಿ ಉಂಗುರ ಕಾಣಿಸಿಕೊಂಡಿತು. ಅದು ಮುನ್ನುಡಿ, ಉರಿ ಆಮೇಲೆ ಬರುತ್ತದೆ ಎಂದು ನಾವು ಮನೆಮಂದಿಯೆಲ್ಲ ಭಕ್ತಿಯಿಂದ ಕಾದು ನಿಂತೆವು. ಅದೇ ಉರಿಯಂತೆ! “ದೇವ್ರ ಮುಂದಿನ ದೀಪಾನಾದ್ರೂ ಇದಕ್ಕಿಂತ ಜೋರಾಗಿ ಉರೀತದೆ” ಎಂದು ಯಮುನಮ್ಮ ನಕ್ಕಳು. ಆಗ ಅವಳಿಗೆ ನಗು ಬರುತ್ತಿತ್ತು. ಕಾಫಿಗೆ ಇಟ್ಟ ನೀರು ಬಿಸಿಯಾಗಲೋ ಬೇಡವೋ ಎಂದು ಯೋಚಿಸುತ್ತ ಕೂತಿತು. ಅಕ್ಕಿ ರೊಟ್ಟಿಯಂತೂ ತಮ್ಮ ಜಾಲರಿಯ ಮೇಲೆ ಉಬ್ಬುವ ಬದಲು ಒಣಗಿ, ಹಪ್ಪಳಕ್ಕೂ ರೊಟ್ಟಿಗೂ ನಡುವಿನ ಯಾವುದೋ ಹೊಸ ಪದಾರ್ಥವಾಯಿತು.

ನಾನು ಕಾಗದ ಬರೆದೆ. ತಾವು ದೊಡ್ಡ ಮನಸ್ಸು ಮಾಡಿ ಉಪದೇಶಗಳನ್ನು ಕಳಿಸಿದಿರಿ. ನಲ್ಲಿ ಪೂರ್ತಿ ತಿರುಗಿಸಿದ್ದೀರಾ ಎಂದು ಕೇಳಿದ್ದಿರಿ. ಬೆಂಕಿ ಬೇಕೆನ್ನುವವನು ನಲ್ಲಿಯನ್ನು ಅರ್ಧ ತಿರುಗಿಸಿಟ್ಟುಕೊಂಡು ಕೂರುವುದಿಲ್ಲವಾದರೂ ತಮ್ಮ ಮಾತಿಗೆ ಬೆಲೆ ಕೊಟ್ಟು ಮತ್ತೊಮ್ಮೆ ತಿರುಗಿಸಿದೆ. ಪೈಪಿನ ಬಾಗಿನಲ್ಲಿ ನೀರು ನಿಂತಿರಬಹುದು ಎಂದಿರಿ. ಬಿಚ್ಚಿ ಬಗ್ಗಿಸಿದೆ, ಒಂದು ಚಮಚದಷ್ಟು ನೀರು ಬಂತು, ಉರಿ ಇದ್ದ ಹಾಗೇ ಇತ್ತು. ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ ಎಂದಿರಿ. ನೋಡಿದೆ, ಗುಳ್ಳೆ ಏಳಲಿಲ್ಲ. ಡ್ರಮ್ಮಿನ ಮೇಲೆ ಭಾರ ಹೇರಿ ಎಂದಿರಿ. ಬೀಸುಕಲ್ಲು ಹೇರಿದೆ, ಅದೂ ಸಾಲದೆಂದು ನಾನೇ ಹತ್ತಿ ಕೂತೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಹೂವಮ್ಮ, “ಇದೆಂಥ ತಪಸ್ಸು ಸುಬ್ಬಪ್ಪಣ್ಣ?” ಎಂದು ಕೇಳಿದಾಗ, ಸಾಗರದ ಗುರುಗಳ ಅಪ್ಪಣೆ ಎಂದು ಹೇಳಿ ತಮ್ಮ ಮರ್ಯಾದೆ ಕಾಪಾಡಿದೆ.

ಕೊನೆಗೆ ತಾವು ಮೆಕ್ಯಾನಿಕ್ ಶಂಭುವನ್ನು ಕಳಿಸಿದಿರಿ. ಆತ ಬರ್ನರ್ ಬಿಚ್ಚಿದವನೇ ಕಳ್ಳನನ್ನು ಹಿಡಿದವನಂತೆ ಕೂಗಿದ, ಯಾಕೆಂದರೆ ಒಳಗೆ ಅನ್ನದ ಅಗುಳುಗಳಿದ್ದವು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ನಮ್ಮ ಮನೆಯಲ್ಲಿ ಅಡುಗೆಯಾದ ಮೇಲೆ ಮೊದಲ ನಾಲ್ಕು ಅಗುಳು ಒಲೆಗೆ, ಆಮೇಲೆ ನಮಗೆ. ಯಮುನಮ್ಮ ತಮ್ಮ ಹಸಿರು ಒಲೆಯನ್ನೂ ಒಲೆಯೆಂದೇ ತಿಳಿದು, ದಿನವೂ ಕೈಮುಗಿದು ಅದರ ಬಾಯಿಗೆ ಅನ್ನ ಹಾಕಿದ್ದಳು. ಸೌದೆ ಒಲೆಯಾಗಿದ್ದರೆ ಚುರ್ ಎಂದು ಸ್ವೀಕರಿಸುತ್ತಿತ್ತು. ತಮ್ಮ ಅಗ್ನಿದೇವರು ಮಾತ್ರ ಮುಟ್ಟಲೇ ಇಲ್ಲ. ಪಾಪ, ಅವರಿಗೆ ಜೀರ್ಣಶಕ್ತಿ ಕಡಿಮೆ. ಅಗುಳು ಒಣಗಿ ತೂತುಗಳಲ್ಲಿ ಕೂತಿದ್ದವು. ತಾವು ಕೂಡಲೇ ‘ಗಿರಾಕಿಯು ಒಲೆಗೆ ಅನ್ನ ತಿನ್ನಿಸಿರುವುದರಿಂದ ಗ್ಯಾರಂಟಿ ರದ್ದಾಗಿದೆ’ ಎಂದು ಬರೆದುಬಿಟ್ಟಿರಿ.

ಯಮುನಮ್ಮ ಅದನ್ನು ಕೇಳಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ತಾನೇ ಕೈಯಾರೆ ಹಾಳು ಮಾಡಿದೆ ಎಂದು ಅವಳಿಗೆ ಅನ್ನಿಸಿತು. ಅದೊಂದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ, ಮಂಜಯ್ಯನವರೇ. ತಮ್ಮ ಒಲೆಗಿಂತ ಚೆನ್ನಾಗಿಯೇ ಉರಿಯುತ್ತದೆ. ಅವಳ ತಪ್ಪೇನೂ ಇರಲಿಲ್ಲ, ಏಕೆಂದರೆ ಶಂಭು ಅಷ್ಟೂ ಅಗುಳನ್ನು ಪೊರಕೆಯ ಹಿಡಿಕಡ್ಡಿಯಿಂದ ಕೆದಕಿ ತೆಗೆದು, ಬರ್ನರನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ ಹಚ್ಚಿದಾಗಲೂ ಬಂದದ್ದು ಅದೇ ನೀಲಿ ಉಂಗುರ. ಮೊದಲ ದಿನ, ಒಂದು ಅಗುಳೂ ಬೀಳುವ ಮುಂಚೆ, ಇದ್ದದ್ದೂ ಅದೇ ತಾನೆ?

ನಮ್ಮ ಮನೆಯ ಊಟ ಮಾಡಿದ ಶಂಭುವಿಗೆ ಕೈ ತೊಳೆಯುವಾಗ ಬಾಯಿ ಬಂತು. “ಇದು ಸಾಹೇಬ್ರ ಸಿಲಿಂಡರ್ ಗ್ಯಾಸಿಗೆ ಮಾಡಿದ ಜೆಟ್ಟು ಸ್ವಾಮಿ. ಗ್ಯಾಸ್ ಬರೋ ತೂತು ಸೂಜಿಮೊನೆಯಷ್ಟು. ಸೆಗಣಿ ಗ್ಯಾಸಿಗೆ ಇದು ದೊಡ್ಡದಾಗ್ಬೇಕು. ಧಣಿಗಳಿಗೆ ಗೊತ್ತುಂಟು, ಆದ್ರೆ ಬಣ್ಣ ಹೊಡ್ದು ಕಳ್ಸು ಸಾಕು ಅಂದ್ರು.” ಗೊತ್ತಿದ್ದೂ ಮಾಡಿದಿರಲ್ಲ ಮಹಾರಾಯರೇ! ಆ ತೂತನ್ನು ಕೊರೆದು ದೊಡ್ಡದು ಮಾಡಿಕೊಡಿ ಎಂದು ನಾನು ಬೇಡಿಕೊಂಡರೆ, ‘ಮೂಲ ಬಿಡಿಭಾಗದ ಪಾವಿತ್ರ್ಯ ಕೆಡಿಸುವುದು ನಮ್ಮ ಮಳಿಗೆಯ ಸಂಪ್ರದಾಯವಲ್ಲ, ಸದ್ಯಕ್ಕೆ ತಮ್ಮ ಹಳೆಯ ಸೌದೆ ಒಲೆಯನ್ನೇ ಬಳಸಬಹುದು’ ಎಂದು ಉತ್ತರ ಬಂತು.

ಬಳಸುತ್ತಿದ್ದೇವೆ. ಈಗ ನಾಟಿಯ ಕಾಲ, ಗದ್ದೆಯ ಆಳುಗಳಿಗೆ ಗಂಜಿ ಬೇಯಿಸದೆ ವಿಧಿಯಿಲ್ಲ. ಒಲೆ ನಾನು ಊದುತ್ತೇನೆಂದರೆ ಯಮುನಮ್ಮ ಒಪ್ಪುವುದಿಲ್ಲ. ಸೌದೆ ಹಸಿ, ಹೊಗೆ ಹೇಳತೀರದು. ಎರಡು ಸಲ ಊದಿ, ಗೋಡೆ ಹಿಡಿದು ನಿಂತು, ಉಸಿರು ಸಿಕ್ಕಿದ ಮೇಲೆ ಮತ್ತೆ ಬಗ್ಗುತ್ತಾಳೆ. ನನಗೆ ಹೆದರಿಕೆಯಾಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆಗಳು ಇಷ್ಟೇ. ಜೆಟ್ಟಿನ ಪಾವಿತ್ರ್ಯ ಕೆಡಬಾರದೆಂದಾದರೆ, ನಮ್ಮ ಹಟ್ಟಿಯ ದನಗಳಿಗೆ ಸಾಹೇಬರ ದೇಶದ ಗ್ಯಾಸನ್ನೇ ತಯಾರಿಸುವಂತೆ ತಾವೇ ಬಂದು ತರಬೇತಿ ಕೊಡಬೇಕು. ಅದಾಗದಿದ್ದರೆ, ತಾವು ತೀರ್ಥಹಳ್ಳಿಯ ಡಾಕ್ಟರ ಬಳಿ ಹೋಗಿ, ಯಮುನಮ್ಮನ ಎದೆಗೆ ಮುಂದಿನ ಬೇಸಿಗೆಯವರೆಗೆ ತಾಳಿಕೊಳ್ಳುವಂತೆ ಒಂದು ಉಪದೇಶಪತ್ರ ಬರೆಸಿ ತರಬೇಕು. ಉಪದೇಶ ಬರೆಯುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ. ಇವೆರಡೂ ತ್ರಾಸವೆನಿಸಿದರೆ ಒಂದು ಸಣ್ಣ ಹಿತ್ತಾಳೆ ಚೂರಿನ ತೂತು ದೊಡ್ಡದು ಮಾಡಿಸಿಕೊಟ್ಟರೂ ನಡೆಯುತ್ತದೆ.

ತಮ್ಮ ಬಣ್ಣದ ಅಭಿಮಾನಿಯೂ, ಉರಿಯ ಆಕಾಂಕ್ಷಿಯೂ ಆದ,
ತಮ್ಮ ವಿಶ್ವಾಸಿ,
ಸುಬ್ಬಪ್ಪ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮ ಮಾರಾಟ ಪ್ರತಿನಿಧಿ ವೆಂಕಟ್ರಮಣನವರು ದಯಮಾಡಿಸಿದರು. ಹೂವಮ್ಮನಿಗೂ ಒಂದು ಒಲೆ ಮಾರಬೇಕಾಗಿದೆಯಂತೆ, ನಮ್ಮಿಂದೊಂದು ಮೆಚ್ಚುಗೆಯ ಪತ್ರ ಬೇಕಂತೆ. ಧಾರಾಳವಾಗಿ ಕೊಡೋಣ, ಮೊದಲು ನಿಮ್ಮ ಒಲೆಯ ಮೇಲೆ ನೀವೇ ಕಾಫಿ ಕಾಯಿಸಿಕೊಂಡು ಕುಡಿಯಿರಿ ಎಂದು ಅವರಿಗೆ ಹೇಳಿದೆ. ಬಹಳ ಹೊತ್ತು ಕಾದರು. ಬಸ್ಸಿಗೆ ಹೊತ್ತಾಯಿತೆಂದು “ಸೌದೆ ಒಲೇಲೇ ಒಂಚೂರು ಮಾಡ್ಕೊಡಿ ಅಮ್ಮ” ಎಂದಾಗ ಯಮುನಮ್ಮ ಎದ್ದಳು. ನಾನು ಅವಳನ್ನು ಜಗಲಿಯಲ್ಲಿ ಕೂರಿಸಿ, ಊದುವ ಕೊಳವೆಯನ್ನು ಅವರ ಕೈಗೇ ಕೊಟ್ಟೆ. ನೀರು ಕುದಿಯುವ ಮುಂಚೆಯೇ ಅವರು ಕಣ್ಣು ಮೂಗು ಒರೆಸಿಕೊಳ್ಳುತ್ತ, “ಅಯ್ಯಯ್ಯೋ, ಉಸ್ರೇ ಕಟ್ತದಲ್ರೀ!” ಎಂದು ಅಂಗಳಕ್ಕೆ ಓಡಿಬಂದರು. ಯಮುನಮ್ಮನೇ ನೀರು ಕೊಟ್ಟು, “ಪಾಪ, ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಸರಿಯಾಗ್ತದೆ” ಎಂದಳು. ಅವರು ಅವಳ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಒಳಗೆ ಹೋಗಿ ಜೆಟ್ಟನ್ನು ತಾವೇ ಬಿಚ್ಚಿ, ಸಾಗರದಲ್ಲಿ ಕೊರೆಸಿ ನಾಳೆಯೇ ತರುವುದಾಗಿ ಹೇಳಿ, ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ. ಮೆಚ್ಚುಗೆಯ ಪತ್ರವನ್ನು ಕೇಳಲಿಲ್ಲ. ದಯವಿಟ್ಟು ಅವರನ್ನು ಗದರಿಸಬೇಡಿ. ಜೆಟ್ಟಿನ ಪಾವಿತ್ರ್ಯದ ಬಗ್ಗೆ ತಮಗಿನ್ನೂ ಚಿಂತೆಯಿದ್ದರೆ ಖಂಡಿತ ಒಮ್ಮೆ ಬನ್ನಿ, ಹಸಿ ಸೌದೆ ಇನ್ನೂ ಬೇಕಾದಷ್ಟಿದೆ.