ಬಾಗಿಲಲ್ಲಿ ಬೀರು, ನೆಲದ ಮೇಲೆ ಮೇಷ್ಟ್ರು

"ಗ್ರಹಗಳೆಲ್ಲ ಯಾಕೆ ಸುತ್ತುತ್ತವೆ ಅಂತ ದಿನಾ ಪಾಠ ಹೇಳೋನು ನಾನು! ಅಂಥವನು ಒಂದು ಬೀರು ಜರುಗಿಸೋಕೆ ಇನ್ನೊಬ್ಬರನ್ನ ಕರೀಬೇಕಾ?"

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಭೌತಶಾಸ್ತ್ರದ ಮೇಷ್ಟ್ರು ಹೀಗೆ ಗುಡುಗಿದರು. ಹಾಲಿನಲ್ಲಿ ನಿಂತಿದ್ದ ಮರದ ಬೀರು ಆ ಗುಡುಗಿಗೆಲ್ಲ ಜಗ್ಗಲಿಲ್ಲ. ಅದು ಬಟ್ಟೆ ತೂಗುಹಾಕುವ ಹಳೆಯ ಕಾಲದ ಬೀರು. ಮೇಷ್ಟ್ರಿಗಿಂತ ಎತ್ತರ, ಮೇಷ್ಟ್ರಿಗಿಂತ ಅಗಲ, ಹೆಂಡತಿಯ ಅಭಿಪ್ರಾಯದಲ್ಲಿ ಮೇಷ್ಟ್ರಿಗಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಅದನ್ನು ಮಲಗುವ ಕೋಣೆಗೆ ಸೇರಿಸಬೇಕೆಂದು ಆಕೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದರು. ಇವತ್ತು ಮಾತ್ರ ಆಕೆಯೇ ಬೇಡವೆಂದರು.

"ಇವತ್ತು ಸುಮ್ನಿರಿ ಅಂದ್ರೆ. ಸಂಜೆ ನನ್ನ ಹಾಡಿನ ಕ್ಲಾಸಿನ ಮಕ್ಕಳ ಕಾರ್ಯಕ್ರಮ ಇದೆ. ಮೊದಲನೇ ಸಲ ವೇದಿಕೆ ಹತ್ತುತ್ತಾ ಇದ್ದಾವೆ. ನಾನು ಎದುರಿಗೆ ಕೂತು ತಲೆ ಆಡಿಸಿದ್ರೇನೇ ಅವಕ್ಕೆ ಬಾಯಿ ಬರೋದು. ಹೇಗೂ ಸಂಜೆ ನನ್ನ ಕರ್ಕೊಂಡು ಹೋಗೋಕೆ ತಮ್ಮ ಕಾರು ತರ್ತಾನಲ್ಲ, ನಾಳೆ ಬಂದು ಬೀರು ಜರುಗಿಸಿಕೊಡು ಅಂತ ಅವನಿಗೇ ಹೇಳ್ತೀನಿ."

ಕೆಟ್ಟದ್ದೇ ಅಲ್ಲಿ! ಹೆಂಡತಿಯ ತಮ್ಮ ಎಂಜಿನಿಯರ್. ಎಂಜಿನಿಯರ್ ಎಂದರೆ ಸೂತ್ರಗಳನ್ನೆಲ್ಲ ಮರೆತ ಭೌತಶಾಸ್ತ್ರದ ವಿದ್ಯಾರ್ಥಿ ಎಂಬುದು ಮೇಷ್ಟ್ರ ಸಿದ್ಧಾಂತ. ಭೌತಶಾಸ್ತ್ರದ ಮೇಷ್ಟ್ರು ಎಂದರೆ ಸ್ಕ್ರೂಡ್ರೈವರ್ ಯಾವ ಕಡೆಯಿಂದ ಹಿಡಿಯಬೇಕೆಂದು ಗೊತ್ತಿಲ್ಲದವರು ಎಂಬುದು ಭಾವಮೈದುನನ ಸಿದ್ಧಾಂತ. ಮದುವೆಯ ದಿನ ಶುರುವಾದ ಈ ವಾದದಲ್ಲಿ ಇನ್ನೂ ಯಾರೂ ಗೆದ್ದಿರಲಿಲ್ಲ. ಅವನು ಬರುವುದರೊಳಗೆ ಬೀರು ಕೋಣೆಯಲ್ಲಿರಬೇಕು, ತಾವು ಅದಕ್ಕೆ ಒರಗಿಕೊಂಡು ಕಾಫಿ ಕುಡಿಯುತ್ತಿರಬೇಕು ಎಂದು ಮೇಷ್ಟ್ರು ಟೊಂಕ ಕಟ್ಟಿದರು.

ಮೊದಲು ಅಳತೆ. ಬೀರುವಿನ ಅಗಲ ಮೂರು ಅಡಿಗೆ ಒಂಚೂರು ಜಾಸ್ತಿ. ಬಾಗಿಲಿನ ಅಗಲ ಮೂರು ಅಡಿಗೆ ಒಂಚೂರು ಕಮ್ಮಿ.

"ಎರಡೂ ಕಡೆ ಒಂಚೂರು. ಒಂಚೂರನ್ನೆಲ್ಲ ಭೌತಶಾಸ್ತ್ರದಲ್ಲಿ ಬಿಟ್ಟುಬಿಡ್ತೀವಿ. ಬಿಟ್ಟರೆ ಇದೂ ಮೂರಡಿ, ಅದೂ ಮೂರಡಿ. ಸರಿಹೋಯ್ತಲ್ಲ!"

"ಬೀರು ಬಿಡಬೇಕಲ್ರೀ, ನೀವು ಬಿಟ್ಟರೆ ಏನು ಬಂತು? ಅಡ್ಡ ತಿರುಗಿಸಿಕೊಂಡು ಹೋಗಿ."

"ತಿರುಗಿಸೋದು ದಂಡದ ಕೆಲಸ. ಎರಡು ಬಿಂದುಗಳ ನಡುವೆ ಹತ್ತಿರದ ದಾರಿ ನೇರವಾದ ಗೆರೆ!"

ಇನ್ನು ಉಳಿದದ್ದು ಘರ್ಷಣೆ. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ 'ಘರ್ಷಣೆಯಿಲ್ಲದ ನೆಲವೊಂದಿದೆ ಎಂದು ಭಾವಿಸಿರಿ' ಎಂದು ಬರೆಸಿ, ಲೆಕ್ಕ ಮಾಡಿಸಿ, ಪೀಳಿಗೆ ಪೀಳಿಗೆಗಳನ್ನೇ ಪಾಸು ಮಾಡಿಸಿದವರು ಅವರು. ಅಂಥ ನೆಲವನ್ನು ಕಣ್ಣಾರೆ ಮಾತ್ರ ಕಂಡಿರಲಿಲ್ಲ. ಇವತ್ತು ಸ್ವಂತ ಹಾಲಿನಲ್ಲೇ ಅದು ಅವತರಿಸಲಿ! ಬಕೆಟ್ ತುಂಬ ಸೋಪಿನ ನೀರು ಕಲಸಿ, ಬೀರುವಿನ ಬುಡದಿಂದ ಕೋಣೆಯ ಬಾಗಿಲವರೆಗೂ ಧಾರಾಳವಾಗಿ ಸುರಿದರು. ಅದು ಹಾಲಿನ ತುಂಬ ಹರಡಿಕೊಂಡಿತು. ಹೆಂಡತಿಯನ್ನು ಕೋಣೆಯೊಳಗೆ ನಿಲ್ಲಿಸಿ, "ನೀನು ದಾರಿ ತೋರಿಸು, ನಾನು ತಳ್ತೀನಿ" ಎಂದರು. ಬೀರುವಿನ ಮುಖ ಕೋಣೆಯ ಕಡೆ, ಬೆನ್ನು ಮೇಷ್ಟ್ರ ಕಡೆ.

"ಒಂದು, ಎರಡು, ಮೂರು!"

ಬೀರು ಕದಲಲಿಲ್ಲ. ಮೇಷ್ಟ್ರು ಕದಲಿದರು. ಎಷ್ಟು ಜೋರಾಗಿ ಅವರು ಬೀರುವನ್ನು ಮುಂದಕ್ಕೆ ತಳ್ಳಿದ್ದರೋ ಅಷ್ಟೇ ಜೋರಾಗಿ ಬೀರು ಅವರನ್ನು ಹಿಂದಕ್ಕೆ ಕಳಿಸಿತು. ನಿಂತ ಭಂಗಿಯಲ್ಲೇ, ಕೈ ಚಾಚಿಕೊಂಡೇ, ಹಾಲಿನ ಉದ್ದಕ್ಕೂ ಜಾರಿಹೋಗಿ ಸೋಫಾದ ಮೇಲೆ ಕೂತರು.

"ಏನಾಯ್ತುರೀ?" ಎಂದು ಕೋಣೆಯಿಂದ ಕೂಗು.

"ಏನಿಲ್ಲ. ಮೂರನೇ ನಿಯಮ."

"ಮೊದಲೆರಡು ನಿಯಮ ಮುರಿದಿರೇನೋ ಅದಕ್ಕೇ!"

ಮೇಷ್ಟ್ರಿಗೆ ಅವಮಾನವಾಯಿತು. ಅಂಬೆಗಾಲಿಟ್ಟು ಬಂದು, ಸೋಫಾವನ್ನು ಬೀರುವಿಗೂ ಎದುರು ಗೋಡೆಗೂ ನಡುವೆ ಎಳೆದು ಸಿಕ್ಕಿಸಿ, ಅದಕ್ಕೆ ಎರಡೂ ಕಾಲು ಒತ್ತಿ, ಬೀರುವಿಗೆ ಬೆನ್ನು ಕೊಟ್ಟು, ಹಲ್ಲು ಕಚ್ಚಿ ಒದ್ದರು. ಈ ಸಲ ಸೋಪು ಸೇವೆ ಸಲ್ಲಿಸಿತು! ಬೀರು ಸುಂಯ್ ಎಂದು ಹೊರಟಿತು. "ಅಯ್ಯಯ್ಯೋ" ಎನ್ನುತ್ತ ಹೆಂಡತಿ ಹಿಂದಕ್ಕೆ ನೆಗೆದರು. ಧಡಾರ್! ಬಾಗಿಲಿನ ಚೌಕಟ್ಟು ನರಳಿತು. ಬೀರು ಅರ್ಧ ಕೋಣೆಯಲ್ಲಿ, ಅರ್ಧ ಹಾಲಿನಲ್ಲಿ ನಿಂತುಬಿಟ್ಟಿತು. ಬಿಟ್ಟುಬಿಟ್ಟಿದ್ದ ಒಂಚೂರುಗಳೆಲ್ಲ ಒಟ್ಟಾಗಿ ಸೇರಿ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

"ರೀ, ನಾನು ಹೊರಗೆ ಬರೋದು ಹೇಗೆ? ಕಿಟಕಿಗೆ ಸರಳಿವೆ!"

"ಈಗಲೇ ಎಳೆದುಬಿಡ್ತೀನಿ ತಾಳು."

ಎಳೆಯಬೇಕಾದರೆ ಕಾಲೂರಲು ನೆಲ ಬೇಕು. ನೆಲವನ್ನು ಮೇಷ್ಟ್ರು ಆಗಲೇ ರದ್ದು ಮಾಡಿಯಾಗಿತ್ತು. ಎಳೆದಂತೆಲ್ಲ ಅವರೇ ಬೀರುವಿನ ಬುಡಕ್ಕೆ ಹೋಗಿ ಬೀಳುತ್ತಿದ್ದರು.

"ಕುಣಿಯಲಾರದವರು ನೆಲ ಡೊಂಕು ಅಂದರಂತೆ," ಎಂದು ಒಳಗಿನಿಂದ ಹೆಂಡತಿ. "ನೀವು ನೆಲಾನೇ ಇಲ್ಲ ಅಂದುಬಿಟ್ರಲ್ಲ! ಅಷ್ಟು ಮಕ್ಕಳು ಅಲ್ಲಿ ಕಾಯ್ತಾ ಇರ್ತಾವ್ರೀ…"

ಕೊನೆಯ ಮಾತಿನಲ್ಲಿ ಆಕೆಯ ದನಿ ಸಣ್ಣಗಾಯಿತು. ಮೇಷ್ಟ್ರಿಗೆ ಅದುವರೆಗೂ ಬರಿಯ ಸೊಂಟ ನೋಯುತ್ತಿತ್ತು. ಈಗ ಸೊಂಟ ಮರೆತು ಬೀರುವನ್ನು ತಬ್ಬಿ ಇನ್ನೊಮ್ಮೆ ಎಳೆದರು, ಇನ್ನೊಮ್ಮೆ ಬಿದ್ದರು.

ಅಷ್ಟರಲ್ಲಿ ಮಹಡಿ ಮನೆಯ ಗಣಿತದ ಮೇಷ್ಟ್ರು ಸದ್ದು ಕೇಳಿ ಇಳಿದುಬಂದರು. ಹೊಸ್ತಿಲಲ್ಲೇ ಗೋಡೆ ಹಿಡಿದು ನಿಂತು, ಅಳತೆಗಳನ್ನು ಕೇಳಿ ತಿಳಿದು, ಕಣ್ಣು ಮುಚ್ಚಿ ಯೋಚಿಸಿದರು.

"ಗಾಬರಿ ಆಗಬೇಡಿ ಸಾರ್. ಇಷ್ಟು ಅಗಲದ ಬೀರು ಅಷ್ಟು ಅಗಲದ ಬಾಗಿಲೊಳಗೆ ಹೋಗೋಕೆ ಸಾಧ್ಯವೇ ಇಲ್ಲ. ಅಂದ್ಮೇಲೆ ಅದು ಹೋಗಿಲ್ಲ. ಹೋಗದೇ ಇರೋದು ಸಿಕ್ಕಿಹಾಕಿಕೊಳ್ಳೋದಾದ್ರೂ ಹೇಗೆ?"

ಹೀಗೆ ಸಾಧಿಸಿ ತೋರಿಸಿ, ನೆರೆಹೊರೆಗೆ ಉಪಕಾರ ಮಾಡಿದ ಸಂತೃಪ್ತಿಯಲ್ಲಿ ಅವರು ಮೆಟ್ಟಿಲು ಹತ್ತಿದರು. ಬೀರುವಿಗೆ ಗಣಿತ ಬಾರದ್ದರಿಂದ ಅದು ಅಲ್ಲೇ ಇತ್ತು.

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಮೇಷ್ಟ್ರು ಬಕೆಟ್ಟನ್ನು ಸೋಫಾದ ಹಿಂದೆ ಅಡಗಿಸಿದರು.

"ಅಕ್ಕಾ, ರೆಡಿನಾ?" ಎನ್ನುತ್ತ ಭಾವಮೈದುನ ಒಳಗೆ ಕಾಲಿಟ್ಟ. ಇಟ್ಟ ಕಾಲು ಮುಂದಕ್ಕೆ ಹೋಯಿತು, ಉಳಿದದ್ದು ಹಿಂದೆ ಬಿತ್ತು. ಕೂತಲ್ಲಿಂದಲೇ ಅವನು ಬೀರುವನ್ನೂ, ಭಾವನನ್ನೂ, ನೊರೆಯನ್ನೂ ನೋಡಿದ.

"ಭಾವ, ಇದು ಯಾವ ಅಧ್ಯಾಯ?"

"ಹಲ್ಲು ಕಿರೀಬೇಡ ಕಣೋ. ನಿನ್ನ ಅಕ್ಕ ಒಳಗಿದ್ದಾಳೆ. ಏನಾದ್ರೂ ಮಾಡು."

ಆ ಮಾತನ್ನು ಆಡುವಾಗ ಮೇಷ್ಟ್ರ ನಾಲಿಗೆ ಎಷ್ಟು ಕಹಿಯಾಯಿತೆಂದು ಅವರಿಗೇ ಗೊತ್ತು. ಎಂಜಿನಿಯರ್ ಕಾರಿನಿಂದ ಸುತ್ತಿಗೆ, ಹಾರೆ, ಹಗ್ಗ ತಂದ.

"ಇದನ್ನ ಅಲುಗಿಸೋಕೆ ಎಷ್ಟು ಬಲ ಬೇಕು ಅಂತ ನಿಮ್ಮ ಲೆಕ್ಕ, ಭಾವ?"

ಮೇಷ್ಟ್ರು ಒಂದು ಸಂಖ್ಯೆ ಹೇಳಿದರು.

"ಹಾಗಾದ್ರೆ ಅದರ ಎರಡರಷ್ಟು ಹಾಕೋಣ. ನಮ್ಮಲ್ಲಿ ಯಾವುದನ್ನೂ ನಂಬಲ್ಲ, ಎಲ್ಲಾನೂ ಡಬಲ್ ಮಾಡ್ತೀವಿ!"

"ಯಾವ ದಿಕ್ಕಿಗೆ ಹಾಕ್ತೀಯ?"

"ದಿಕ್ಕು ಗಿಕ್ಕು ಎಲ್ಲ ಆಮೇಲೆ. ಮೊದಲು ಸಡಿಲ ಆಗಲಿ."

ಎರಡರಷ್ಟು ಬಲದ ಏಟು ಬಿತ್ತು. ಬೀರು ಇನ್ನೂ ನಾಲ್ಕು ಬೆರಳು ಒಳಕ್ಕೆ ಹೋಗಿ ಎರಡರಷ್ಟು ಬಿಗಿಯಾಯಿತು.

"ನೇರ ಹೊರಕ್ಕೆ ಎಳೀಬೇಕು" ಎಂದರು ಮೇಷ್ಟ್ರು. "ಹಾರೆ ಹಾಕಿ ಮೇಲಕ್ಕೆ ಮೀಟಬೇಕು" ಎಂದ ಎಂಜಿನಿಯರ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು! ಇಬ್ಬರೂ ನೊರೆಯಲ್ಲಿ ಕೂತು, ಗೋಡೆಯ ಮೇಲೆ ಬೆರಳಿನಿಂದ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಒಬ್ಬರ ಬಾಣವನ್ನು ಇನ್ನೊಬ್ಬರು ಅಳಿಸಿ ಜಗಳವಾಡಿದರು. ಸಿದ್ಧಾಂತ ಹೆಚ್ಚೋ ಅನುಭವ ಹೆಚ್ಚೋ ಎಂಬಲ್ಲಿಗೆ ಚರ್ಚೆ ಬಂದು ನಿಂತಾಗ, ಕೋಣೆಯಿಂದ ಬಹಳ ಹೊತ್ತಿನಿಂದ ಯಾವ ಮಾತೂ ಬಂದಿಲ್ಲವೆಂದು ಇಬ್ಬರಿಗೂ ಹೊಳೆಯಿತು.

"ಅಕ್ಕಾ?"

"ಕೇಳಿಸ್ತಾ ಇದೆಯೇನೇ?"

ಬೀರುವಿನ ಹೊಟ್ಟೆಯೊಳಗೆ ಏನೋ ಸರಬರ ಸದ್ದು. ಆಮೇಲೆ ಢಬ್ ಎಂದು ಒಂದು ಒದೆ. ಇನ್ನೊಂದು. ಮೂರನೆಯ ಒದೆಗೆ ಬೀರುವಿನ ಬೆನ್ನಿನ ಪ್ಲೈವುಡ್ ಹಲಗೆ ಮೊಳೆಸಮೇತ ಕಿತ್ತು ಬಂದು, ಸಿದ್ಧಾಂತದ ತಲೆಗೂ ಅನುಭವದ ತಲೆಗೂ ಪಕ್ಷಪಾತವಿಲ್ಲದೆ ಬಡಿಯಿತು. ಒಳಗಿನಿಂದ ಎರಡು ಕಂಬಳಿ ಹಾರಿಬಂದು ನೆಲದ ಮೇಲೆ ಹರಡಿಕೊಂಡವು. ಅವುಗಳ ಹಿಂದೆಯೇ, ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಕೈಯಲ್ಲಿ ಚಪ್ಪಲಿ ಹಿಡಿದ ಹೆಂಡತಿ ಬೀರುವಿನ ಮೂಲಕ ಹಾಲಿಗೆ ಇಳಿದರು.

"ಬಟ್ಟೆ ತೆಗೀತಾ ಇದ್ದೆ, ಹಿಂದಿನ ಹಲಗೆ ಸಡಿಲ ಅನ್ನಿಸ್ತು," ಎಂದರು. "ಏನೋ, ಕಾರು ತೆಗೀತೀಯೋ, ಇಲ್ಲಾ ಅದಕ್ಕೂ ಲೆಕ್ಕ ಮಾಡಬೇಕೋ?"

ಕಾರ್ಯಕ್ರಮಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿದರು. ವೇದಿಕೆಯ ಮೇಲೆ ಹೆದರಿ ನಿಂತಿದ್ದ ಮಕ್ಕಳು ಟೀಚರ್ ಮುಖ ಕಂಡದ್ದೇ ತಡ, ಅರಳಿಕೊಂಡು ಹಾಡಿದವು. ಒದ್ದೆ ಪ್ಯಾಂಟಿನಲ್ಲಿ ಕೂರಲಾಗದೆ ಹಿಂದಿನ ಗೋಡೆಗೆ ನಿಂತಿದ್ದ ಮೇಷ್ಟ್ರು ಹೆಂಡತಿಯ ತಲೆ ತಾಳಕ್ಕೆ ಆಡುವುದನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅದರಿಂದ ಶಿಕ್ಷೆ ಸ್ವಲ್ಪ ಕಮ್ಮಿಯಾದೀತೆಂಬ ಆಸೆಯೂ ಇತ್ತು.

ಮನೆಗೆ ಬಂದ ಮೇಲೆ ಹೆಂಡತಿ ನಗುನಗುತ್ತಲೇ ಬೀರುವಿನೊಳಗೆ ಹೊಕ್ಕು ಕೋಣೆ ಸೇರಿದರು. ಪರವಾಗಿಲ್ಲ, ಕೋಪ ಇಳಿದಿದೆ ಎಂದು ಮೇಷ್ಟ್ರೂ ತಲೆ ತಗ್ಗಿಸಿ ಹಿಂದೆಯೇ ಹೊಕ್ಕರು. ಅವರು ಬೀರುವಿನ ನಟ್ಟನಡುವೆ ಇರುವಾಗ ಮುಂದಿನ ಬಾಗಿಲುಗಳೆರಡೂ ಮುಚ್ಚಿಕೊಂಡವು. ಆ ಕಡೆಯಿಂದ ಟಕ್ ಎಂದು ಬೀಗ ಬಿತ್ತು.

"ಏನೇ ಇದು? ಬಾಗಿಲು ತೆಗಿ!"

"ನೀವೇ ಹೇಳಿ ನೋಡೋಣ. ಈ ಬಾಗಿಲು ತೆಗೀಬೇಕಾದ್ರೆ ಎಷ್ಟು ಬಲ ಬೇಕು?"

ಮೇಷ್ಟ್ರು ಕತ್ತಲಲ್ಲಿ ಹ್ಯಾಂಗರುಗಳ ನಡುವೆ ನಿಂತು ಯೋಚಿಸಿದರು. "ಬಲ ಯಾಕೆ? ಕೀಲಿಕೈ ಇದ್ರೆ ಸಾಕಲ್ವಾ?"

"ಅಬ್ಬಾ, ಮಧ್ಯಾಹ್ನದಿಂದ ಇದೊಂದೇ ಸರಿಯಾದ ಉತ್ತರ!" ಎಂದರು ಹೆಂಡತಿ ದೀಪ ಆರಿಸುತ್ತ. "ಪೂರ್ತಿ ಅಂಕ ಕೊಟ್ಟಿದ್ದೀನಿ. ಹೋಗಿ ಸೋಫಾದ ಮೇಲೆ ಮಲಗಿ."